ಟೆಕ್ಸಾಸ್ ಕತ್ತಲಾದ ಆ ಚಳಿ, ಆಮೇಲೆ ಬಂದ ಕಾನೂನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2021ರ ಫೆಬ್ರವರಿಯಲ್ಲಿ ನಾವು ಡಲ್ಲಾಸ್ ಪಕ್ಕದ ಊರಿನಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಕೂತಿದ್ದೆವು. ಅವತ್ತಿನಿಂದ ಊರಿನ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಇಲ್ಲಿನ ಯುಗಾದಿ ಊಟದ ಪಂಕ್ತಿಯಲ್ಲಿ ಅದೇ ಪ್ರಶ್ನೆಗಳು ಬರುತ್ತಲೇ ಇವೆ. ಪ್ರತಿ ಸಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಾನು ವಿದ್ಯುತ್ ಕ್ಷೇತ್ರದವನಲ್ಲ, ಸಾಫ್ಟ್‌ವೇರ್ ಕೆಲಸದವನು. ಆ ಎರಡು ದಿನದ ಸಿಟ್ಟಿಗೆ ಓದಲು ಶುರು ಮಾಡಿದ್ದು, ಇನ್ನೂ ಬಿಟ್ಟಿಲ್ಲ.

## ಮೊದಲು ಸುಲಭದ್ದು

ಅಮೆರಿಕಾದಲ್ಲೂ ಕರೆಂಟ್ ಹೋಗುತ್ತೇನೋ?

ಕೇಳಿದ್ದು ಅಮ್ಮ, ಅರಸೀಕೆರೆಯಿಂದ. ಹೋಗುತ್ತಮ್ಮ. 2021ರ ಫೆಬ್ರವರಿ 15, ಸೋಮವಾರ, ಬೆಳಗಿನ ಜಾವ ಒಂದೂವರೆಗೆ ಹತ್ತಿರ ಟೆಕ್ಸಾಸ್‌ನಲ್ಲಿ ಲೋಡ್ ಶೆಡ್ಡಿಂಗ್ ಶುರುವಾಯಿತು. 45 ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಕರೆಂಟ್ ಹೋಯಿತು. ಕೆಲವರಿಗೆ ಕೆಲವು ಗಂಟೆ, ಕೆಲವರಿಗೆ ಮೂರು ದಿನ. ಮಾರನೇ ದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. 1949ರಿಂದೀಚೆಗೆ ಅಂಥ ಚಳಿ ಇಲ್ಲಿ ಬಿದ್ದಿರಲಿಲ್ಲ. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಳಿಗೇ ಸತ್ತವರು. ಬೆಚ್ಚಗಾಗಲೆಂದು ಗ್ಯಾರೇಜಿನಲ್ಲಿ ಕಾರು ಓಡಿಸಿಕೊಂಡು, ಮನೆಯೊಳಗೆ ಇದ್ದಿಲು ಉರಿಸಿಕೊಂಡು ಹೊಗೆಗೆ ಹೋದವರೂ ಇದ್ದಾರೆ.

ಮನೇಲಿ ಗ್ಯಾಸ್ ಇತ್ತಲ್ವಾ? ಹೀಟರ್ ಹಾಕ್ಕೋಬಾರ್ದಿತ್ತಾ?

ಗ್ಯಾಸ್ ಇತ್ತು. ಫರ್ನೆಸ್ಸೂ ಇತ್ತು. ಆದರೆ ಅದರ ಬಿಸಿಗಾಳಿಯನ್ನು ಕೋಣೆಗೆ ತಳ್ಳುವುದು ಫ್ಯಾನು, ಆ ಫ್ಯಾನಿಗೆ ಬೇಕಿದ್ದದ್ದು ಕರೆಂಟು. ಹಾಗಾಗಿ ಒಳಗೆ ಕೂತು ಸ್ವೆಟರ್ ಮೇಲೆ ಸ್ವೆಟರ್. ಒಲೆ ಮಾತ್ರ ಬೆಂಕಿಕಡ್ಡಿಗೆ ಹತ್ತಿತು. ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ ಕರೆಂಟ್ ಒಲೆ, ಅವರೂ ನಮ್ಮಲ್ಲಿಗೆ ಬಂದರು. ಒಂದು ದೊಡ್ಡ ಪಾತ್ರೆಯಲ್ಲಿ ತಿಳಿಸಾರು ಮಾಡಿ ಫ್ಲಾಸ್ಕಿಗೆ ತುಂಬಿಟ್ಟು ಎಂಟು ಜನ ಅದನ್ನೇ ಕುಡಿದೆವು. ಎರಡನೇ ದಿನ ಗೋಡೆಯೊಳಗಿನ ನೀರಿನ ಪೈಪ್ ಒಡೆಯಿತು. ಪಟಾಕಿ ಸಿಡಿದ ಹಾಗೆ ಒಂದು ಸದ್ದು, ಆಮೇಲೆ ಗೋಡೆಯಿಂದ ನೀರು. ಪ್ಲಂಬರ್ ಸಿಕ್ಕಿದ್ದು ಮೂರು ವಾರಕ್ಕೆ. ಅಲ್ಲಿವರೆಗೆ ಟಾಯ್ಲೆಟ್‌ಗೆ ಹಿತ್ತಲಿನ ಹಿಮ ಬಕೆಟ್ಟಿಗೆ ತುಂಬಿ ಕರಗಿಸಿದ್ದು, ಆಮೇಲೆ ಪಕ್ಕದ ಮನೆಯಿಂದ ಹೊತ್ತು ತಂದದ್ದು.

ಆ ಫರ್ನೆಸ್ ನೆನಪಿನಲ್ಲಿಟ್ಟುಕೊಳ್ಳಿ. ಗ್ಯಾಸ್ ಇದ್ದೂ ಕರೆಂಟಿಲ್ಲದೆ ಕೆಲಸಕ್ಕೆ ಬಾರದ ಹಾಗೆ ಕೂತದ್ದು ನಮ್ಮ ಮನೆಯೊಂದೇ ಅಲ್ಲ.

ಚಳಿ ಎಲ್ಲ ಕಡೆ ಬರುತ್ತೆ. ಟೆಕ್ಸಾಸ್‌ಗೆ ಮಾತ್ರ ಯಾಕೆ ಹಿಂಗಾಯ್ತು?

ಬೇಡಿಕೆ ಏರಿದ ಹೊತ್ತಿನಲ್ಲೇ ಉತ್ಪಾದನೆ ಕುಸಿಯಿತು. ಟೆಕ್ಸಾಸ್‌ನ ಅರ್ಧಕ್ಕಿಂತ ಜಾಸ್ತಿ ಮನೆಗಳು ಕರೆಂಟಿನಲ್ಲೇ ಬೆಚ್ಚಗಾಗುತ್ತವೆ. ಭಾನುವಾರ ಸಂಜೆಯೇ ಬೇಡಿಕೆ 69 ಸಾವಿರ ಮೆಗಾವ್ಯಾಟ್ ದಾಟಿ ಚಳಿಗಾಲದ ದಾಖಲೆ ಮುರಿದಿತ್ತು. ಅತಿ ಕೆಟ್ಟ ಚಳಿಗಾಲಕ್ಕೆಂದು ಮೊದಲೇ ಹಾಕಿಟ್ಟ ಲೆಕ್ಕವೇ ಸುಮಾರು 67 ಸಾವಿರ. ಅದೇ ರಾತ್ರಿ ಸ್ಥಾವರಗಳು ಒಂದೊಂದೇ ನಿಂತವು. ಕೊನೆಗೆ ಇದ್ದ ಸಾಮರ್ಥ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಕೈಕೊಟ್ಟಿತ್ತು.

ಇಲ್ಲಿನ ಸ್ಥಾವರಗಳನ್ನು ಬೇಸಿಗೆಗೆಂದು ಕಟ್ಟಿದ್ದಾರೆ. ಬಾಯ್ಲರು, ಪೈಪುಗಳೆಲ್ಲ ಎಷ್ಟೋ ಕಡೆ ಬಯಲಿನಲ್ಲೇ ನಿಂತಿರುತ್ತವೆ, ಸೆಕೆ ಹೊರಗೆ ಹೋಗಲಿ ಅಂತ. ಚಳಿಯ ರಾಜ್ಯಗಳಲ್ಲಿ ಅದಕ್ಕೆಲ್ಲ ಗೋಡೆ, ಮಾಡು ಇರುತ್ತದೆ.

ಗಾಳಿಯಂತ್ರ ಹೆಪ್ಪುಗಟ್ಟಿದ್ದಕ್ಕೇ ಆಯ್ತಂತೆ, ಹೌದಾ?

ಇಲ್ಲ. ಹೆಲಿಕಾಪ್ಟರ್‌ನಿಂದ ಗಾಳಿಯಂತ್ರಕ್ಕೆ ಬಿಸಿನೀರು ಎರಚುವ ಒಂದು ಫೋಟೊ ಆಗ ಎಲ್ಲರ ಫೋನಿಗೂ ಬಂತು. ಅದು ಟೆಕ್ಸಾಸ್‌ದೇ ಅಲ್ಲ, ಸ್ವೀಡನ್‌ನದು, ಅದೂ ಹಳೆಯದು. ಗವರ್ನರ್ ಗ್ರೆಗ್ ಅಬ್ಬಟ್ ಕೂಡ ಟಿವಿಯಲ್ಲಿ ಕೂತು ಗಾಳಿ, ಸೌರಶಕ್ತಿಯ ಕಡೆಗೇ ಬೆರಳು ತೋರಿಸಿದರು.

ಗಾಳಿಯಂತ್ರಗಳೂ ನಿಂತವು, ಅದು ನಿಜ. ಕಲ್ಲಿದ್ದಲೂ ನಿಂತಿತು. ಅಣುಸ್ಥಾವರವೂ ನಿಂತಿತು: ಸೌತ್ ಟೆಕ್ಸಾಸ್ ಪ್ರಾಜೆಕ್ಟಿನ ಒಂದು ಘಟಕದಲ್ಲಿ ನೀರಿನ ಒತ್ತಡ ಅಳೆಯುವ ಸಣ್ಣ ಕೊಳವೆ ಹೆಪ್ಪುಗಟ್ಟಿತು, 1,300 ಮೆಗಾವ್ಯಾಟ್ ಹೋಯಿತು. ಕೈಬೆರಳಿನಷ್ಟರ ವಿಷಯ! ಆದರೆ ಎಲ್ಲಕ್ಕಿಂತ ದೊಡ್ಡ ಹೊಡೆತ ನೈಸರ್ಗಿಕ ಅನಿಲದ್ದು. ಟೆಕ್ಸಾಸ್ ಮತ್ತು ಅಕ್ಕಪಕ್ಕದಲ್ಲಿ ಕೈಕೊಟ್ಟ 1,045 ಘಟಕಗಳಲ್ಲಿ 58% ಅನಿಲದವು ಎಂದು ಕೇಂದ್ರದ ತನಿಖೆ ಹೇಳಿತು. ಮುಕ್ಕಾಲು ಪಾಲು ವೈಫಲ್ಯಕ್ಕೆ ಕಾರಣ ಎರಡೇ: ಯಂತ್ರ ಹೆಪ್ಪುಗಟ್ಟಿದ್ದು, ಇಂಧನ ಬರದಿದ್ದದ್ದು.

## ಸ್ವಲ್ಪ ಒಳಗೆ ಇಳಿದರೆ

ನಾಲ್ಕು ನಿಮಿಷದಲ್ಲಿ ಇಡೀ ಟೆಕ್ಸಾಸ್ ಕತ್ತಲಾಗ್ತಿತ್ತು ಅಂತಾರಲ್ಲ, ಏನದು?

ಇಲ್ಲಿನ ಗ್ರಿಡ್ ಸೆಕೆಂಡಿಗೆ 60 ಸುತ್ತಿನ ಲಯದಲ್ಲಿ ಓಡುತ್ತದೆ. ನಮ್ಮ ದೇಶದಲ್ಲಿ 50. ಬೇಡಿಕೆಗೆ ತಕ್ಕ ಉತ್ಪಾದನೆ ಇಲ್ಲದಿದ್ದರೆ ಲಯ ಇಳಿಯುತ್ತದೆ, ದಿಬ್ಬ ಹತ್ತುವ ಎತ್ತಿನಗಾಡಿಯ ಹಾಗೆ. ಆ ರಾತ್ರಿ ಎರಡು ಗಂಟೆಗೆ ಸ್ವಲ್ಪ ಮುಂಚೆ ಅದು 59.302ಕ್ಕೆ ಇಳಿಯಿತು. 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ನಿಂತರೆ ಸ್ಥಾವರಗಳು ತಮ್ಮ ಯಂತ್ರ ಉಳಿಸಿಕೊಳ್ಳಲು ತಾವಾಗೇ ಕಳಚಿಕೊಳ್ಳುತ್ತವೆ. ಅದು ನಿಂತದ್ದು 4 ನಿಮಿಷ 23 ಸೆಕೆಂಡ್. ಅಂದರೆ ಉಳಿದಿದ್ದದ್ದು 4 ನಿಮಿಷ 37 ಸೆಕೆಂಡ್.

ಅಷ್ಟರಲ್ಲಿ ಗ್ರಿಡ್ ನಡೆಸುವವರು ಸಾವಿರಗಟ್ಟಲೆ ಮೆಗಾವ್ಯಾಟ್ ಬೇಡಿಕೆ ಕತ್ತರಿಸಿ ಲಯವನ್ನು ಮೇಲೆತ್ತಿದರು. ಇಲ್ಲದಿದ್ದರೆ ಇಡೀ ಗ್ರಿಡ್ಡನ್ನು ಶೂನ್ಯದಿಂದ ಎಬ್ಬಿಸಬೇಕಿತ್ತು. ವಾರಗಟ್ಟಲೆ, ತಿಂಗಳೂ ಆಗಬಹುದಿತ್ತು. ನನಗೆ ಎಷ್ಟೇ ಸಿಟ್ಟಿದ್ದರೂ ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ಕೂತವರ ಮೇಲಿಲ್ಲ.

ಸರದಿ ಮೇಲೆ ತೆಗೀಬೇಕಿತ್ತಲ್ವಾ? ಖಾಲಿ ಆಫೀಸುಗಳಲ್ಲಿ ಲೈಟ್ ಉರೀತಿತ್ತಲ್ಲ?

ಉರಿಯುತ್ತಿತ್ತು, ನೋಡಿ ಹೊಟ್ಟೆ ಉರಿಯುತ್ತಿತ್ತು ಕೂಡ. ಎರಡು ಗಂಟೆ ನಮಗೆ, ಎರಡು ಗಂಟೆ ಅವರಿಗೆ ಅಂತ ಹಂಚುವುದು ನಮ್ಮೂರಿನ ಲೈನ್‌ಮನ್‌ಗೂ ಗೊತ್ತಿರುವ ಲೆಕ್ಕ. ಇಲ್ಲಿ ಅದು ಆಗಲಿಲ್ಲ, ಏಕೆಂದರೆ ಕತ್ತರಿಸಬೇಕಾದದ್ದು 20 ಸಾವಿರ ಮೆಗಾವ್ಯಾಟ್. ಆಗ ಇಡೀ ಕರ್ನಾಟಕ ಬಳಸುತ್ತಿದ್ದುದಕ್ಕಿಂತ ಜಾಸ್ತಿ. ಆಸ್ಪತ್ರೆ, ನೀರು ಸರಬರಾಜು ಇರುವ ಫೀಡರ್‌ಗಳನ್ನು, ಅಂದರೆ ಒಂದೊಂದು ಬಡಾವಣೆಗೆ ಕರೆಂಟ್ ಒಯ್ಯುವ ಲೈನುಗಳನ್ನು, ಮುಟ್ಟುವಂತಿಲ್ಲ. ನಗರದ ನಡುವಿನ ಫೀಡರ್‌ಗಳಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಆಫೀಸು ಇರುತ್ತದೆ, ಬೇರೆ ಮಾಡಲು ಬರುವುದಿಲ್ಲ. ಉಳಿದ ಫೀಡರ್‌ಗಳನ್ನೆಲ್ಲ ತೆಗೆದರೂ ಸಾಲದೆ ಬಂದಾಗ ಸರದಿ ಎಲ್ಲಿಂದ ಬರಬೇಕು?

ಪಕ್ಕದ ರಾಜ್ಯದಿಂದ ಕರೆಂಟ್ ತರಿಸ್ಕೋಬಾರ್ದಿತ್ತಾ?

ತರಿಸಲು ದಾರಿಯೇ ಕಿರಿದು. ಅಮೆರಿಕಾದಲ್ಲಿ ದೊಡ್ಡ ಗ್ರಿಡ್ ಮೂರು: ಪೂರ್ವದ್ದು, ಪಶ್ಚಿಮದ್ದು, ಮತ್ತೆ ಟೆಕ್ಸಾಸ್. ಟೆಕ್ಸಾಸ್‌ದನ್ನು ನಡೆಸುವುದು ಎರ್ಕಾಟ್ ಎಂಬ ಸಂಸ್ಥೆ. ನಮ್ಮಲ್ಲಿ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್ ಮಾಡುವ, ಬೇಡಿಕೆಗೆ ಉತ್ಪಾದನೆ ಹೊಂದಿಸುವ ಕೆಲಸದ ಜತೆಗೆ ಕರೆಂಟಿನ ಸಂತೆ ನಡೆಸುವುದೂ ಅದೇ. ರಾಜ್ಯದ ಗಡಿ ದಾಟಿ ಕರೆಂಟ್ ಮಾರಿದರೆ ಕೇಂದ್ರದ ಅಧಿಕಾರ ಬರುತ್ತದೆ, 1935ರ ಕಾನೂನು. ಅದು ಬೇಡ ಅಂತಲೇ ಇಲ್ಲಿನ ಕಂಪನಿಗಳು ಬೇಲಿ ಹಾಕಿಕೊಂಡವು. 1976ರ ಮೇ ತಿಂಗಳಿನಲ್ಲಿ ಒಂದು ಕಂಪನಿ ರಾತ್ರೋರಾತ್ರಿ ಓಕ್ಲಹೋಮಾಕ್ಕೆ ಕೆಲವು ಗಂಟೆ ಕರೆಂಟ್ ಕಳಿಸಿದ್ದಕ್ಕೆ ಉಳಿದ ಕಂಪನಿಗಳು ಕೂಡಲೇ ತಂತಿ ಬಿಡಿಸಿಕೊಂಡು ಕೋರ್ಟಿಗೆ ಹೋದವು.

ಈಗ ಹೊರಗಿನಿಂದ ಬರುವುದು ಡಿಸಿ ತಂತಿಗಳಲ್ಲಿ (ಲಯ ಬೆರೆಯದ ಹಾಗೆ ಎರಡು ಗ್ರಿಡ್ ಜೋಡಿಸುವಂಥವು), ಮೆಕ್ಸಿಕೊ ಸೇರಿ ಸುಮಾರು 1,200 ಮೆಗಾವ್ಯಾಟ್. 20 ಸಾವಿರ ಬೇಕಿದ್ದಾಗ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇದು ನಮಗೂ ಗೊತ್ತಿಲ್ಲದ ಕಥೆ ಅಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಭಾರತ ಕತ್ತಲಾದಾಗ ಕರ್ನಾಟಕ ಉಳಿದದ್ದು ದಕ್ಷಿಣದ ಗ್ರಿಡ್ ಬೇರೆ ಲಯದಲ್ಲಿ ಓಡುತ್ತಿದ್ದುದರಿಂದ. ಬೇಲಿ ಅವತ್ತು ಕಾಪಾಡಿತು. ಆದರೂ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನಲ್ಲಿ ದಕ್ಷಿಣವನ್ನು ದೇಶದ ಗ್ರಿಡ್ಡಿಗೆ ಸೇರಿಸಿದರು. ಅದರ ಲಾಭ 2023ರಲ್ಲಿ ಕಂಡಿತು. ಬರ ಬಿದ್ದು ಜಲಾಶಯಗಳು ಖಾಲಿಯಾದಾಗ ಕರ್ನಾಟಕ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ಕೈಸಾಲ ತಂದಿತು. ಟೆಕ್ಸಾಸ್‌ಗೆ ಆ ಕೈಸಾಲ ಹುಟ್ಟುವ ದಾರಿ ಇರಲಿಲ್ಲ. ಅವತ್ತು ನೆರೆಯ ರಾಜ್ಯಗಳಿಗೂ ಕಷ್ಟ ಇತ್ತು, ಅಲ್ಲೂ ಸ್ವಲ್ಪ ಹೊತ್ತು ಕರೆಂಟ್ ತೆಗೆದರು. ಆದರೆ ಅವರು ಪೂರ್ವದಿಂದ ತರಿಸಿಕೊಂಡು ಬೇಗ ಸುಧಾರಿಸಿಕೊಂಡರು.

ಕೆಲವರಿಗೆ ಸಾವಿರಾರು ಡಾಲರ್ ಬಿಲ್ ಬಂತಂತೆ, ನಿಜಾನಾ?

ನಿಜ. ಗ್ರಿಡ್ಡಿ ಎಂಬ ಕಂಪನಿ ತಿಂಗಳಿಗೆ 9.99 ಡಾಲರ್ ತೆಗೆದುಕೊಂಡು ಸಗಟು ದರಕ್ಕೇ ಕರೆಂಟ್ ಕೊಡುತ್ತಿತ್ತು. ದಿನಾ ಲಾಭ, ಅವತ್ತು ನಷ್ಟ. ಸಗಟು ದರ ಮೇಲಿನ ಮಿತಿಗೆ ಹೋಗಿ ನಿಂತಿತ್ತು: ಒಂದು ಯೂನಿಟ್‌ಗೆ 9 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 650 ರೂಪಾಯಿ! ಭಾರತದ ವಿದ್ಯುತ್ ಎಕ್ಸ್‌ಚೇಂಜ್‌ನಲ್ಲಿ 2023ರಲ್ಲಿ ಗೊತ್ತು ಮಾಡಿದ ಮಿತಿ ಯೂನಿಟ್‌ಗೆ 10 ರೂಪಾಯಿ. ಚಳಿ ಬರುವ ಮುಂಚೆ ಆ ಕಂಪನಿಯೇ "ಬೇರೆ ಕಡೆ ಹೋಗಿ" ಎಂದು ಗ್ರಾಹಕರಿಗೆ ಹೇಳಿತ್ತು, ಅದನ್ನೂ ಹೇಳಬೇಕು. ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಬಾಕಿ ಬಿಲ್‌ಗಳು ಮನ್ನಾ ಆದವು. ಮನೆಗಳಿಗೆ ಇಂಥ ಪ್ಲಾನ್ ಮಾರುವುದನ್ನೇ ಶಾಸನಸಭೆ ಆ ವರ್ಷ ನಿಷೇಧಿಸಿತು.

## ಕಾನೂನಿನ ಕಡೆ

2011ರಲ್ಲೂ ಹೀಗೇ ಆಗಿತ್ತಂತಲ್ಲ, ಆಗ ಏನೂ ಮಾಡಲಿಲ್ವಾ?

ಆಗಿತ್ತು. 2011ರ ಫೆಬ್ರವರಿಯಲ್ಲಿ ಇದೇ ಥರ ಚಳಿ, 4 ಸಾವಿರ ಮೆಗಾವ್ಯಾಟ್ ಕತ್ತರಿ. ಅದೇ ಆಗಸ್ಟ್‌ನಲ್ಲಿ ಕೇಂದ್ರದ ವರದಿ ಬಂತು: ಪೈಪುಗಳಿಗೆ ಹೊದಿಕೆ ಹಾಕಿ, ಹೀಟರ್ ಸುತ್ತಿ, ಅನಿಲ ಬಾವಿಗಳನ್ನು ಚಳಿಗೆ ಸಜ್ಜು ಮಾಡಿ. ಎಲ್ಲ ಸಲಹೆ. ಕಡ್ಡಾಯ ಯಾವುದೂ ಇಲ್ಲ. ದುಡ್ಡು ಹಾಕಿದವನಿಗೆ ಅದು ವಾಪಸ್ ಬರುವ ದಾರಿಯೂ ಇಲ್ಲ. ಹಾಕದವನಿಗೆ ದಂಡವೂ ಇಲ್ಲ.

ಎಲ್ ಪಾಸೊ ನಗರದ ವಿದ್ಯುತ್ ಕಂಪನಿ ಮಾತ್ರ 2011ರ ಪೆಟ್ಟಿನಿಂದ ಕಲಿತು ದುಡ್ಡು ಹಾಕಿತು. ಆ ಊರು ಟೆಕ್ಸಾಸ್‌ನಲ್ಲಿದ್ದರೂ ಪಶ್ಚಿಮದ ಗ್ರಿಡ್ಡಿನಲ್ಲಿದೆ. 2021ರಲ್ಲಿ ಅಲ್ಲಿ ಹೆಚ್ಚುಕಡಿಮೆ ಯಾರ ಮನೆಯೂ ಕತ್ತಲಾಗಲಿಲ್ಲ.

ಆಮೇಲೆ ಏನು ಬದಲಾಯ್ತು? ಯಾರಾದರೂ ಮನೆಗೆ ಹೋದರಾ?

ಹೋದರು. ಎರ್ಕಾಟ್ ಮುಖ್ಯಸ್ಥ ಬಿಲ್ ಮ್ಯಾಗ್ನೆಸ್ ಅವರನ್ನು ತೆಗೆದರು. ಪಬ್ಲಿಕ್ ಯುಟಿಲಿಟಿ ಕಮಿಷನ್‌ನ ಮೂವರು ಸದಸ್ಯರೂ ರಾಜೀನಾಮೆ ಕೊಟ್ಟರು. ಆ ಕಮಿಷನ್ ಅಂದರೆ ವಿದ್ಯುತ್ ದರ, ನಿಯಮ ನೋಡಿಕೊಳ್ಳುವ ನಮ್ಮ ಕೆಇಆರ್‌ಸಿ ಇದ್ದ ಹಾಗೆ. ಎರ್ಕಾಟ್ ಮಂಡಳಿಯಲ್ಲಿ ಕೆಲವರು ಟೆಕ್ಸಾಸ್‌ನವರೇ ಅಲ್ಲ ಎಂದು ಗೊತ್ತಾಗಿ ಗಲಾಟೆಯಾಯಿತು, ಅವರೂ ಹೋದರು. ಹೊಸ ಕಾನೂನಿನ ಪ್ರಕಾರ ಮಂಡಳಿಯವರು ಟೆಕ್ಸಾಸ್ ನಿವಾಸಿಗಳೇ ಆಗಿರಬೇಕು, ಅವರನ್ನು ಆರಿಸುವ ಸಮಿತಿಯನ್ನು ರಾಜಕೀಯದವರು ನೇಮಿಸುತ್ತಾರೆ. ಇದು ಸುಧಾರಣೆಯೋ, ಲಗಾಮು ಕೈಗೆ ತೆಗೆದುಕೊಂಡದ್ದೋ, ನೀವೇ ಹೇಳಿ.

ಮುಖ್ಯವಾದದ್ದು 2021ರ ಜೂನ್ 8ಕ್ಕೆ ಗವರ್ನರ್ ಸಹಿ ಹಾಕಿದ ಸೆನೆಟ್ ಬಿಲ್ 3. ವಿದ್ಯುತ್ ಸ್ಥಾವರಗಳು ಚಳಿಗೆ ಸಜ್ಜಾಗುವುದು ಕಡ್ಡಾಯ. ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ. ಎರ್ಕಾಟ್‌ನವರೇ ಸ್ಥಾವರಕ್ಕೆ ಹೋಗಿ ನೋಡುತ್ತಾರೆ. ಸಗಟು ದರದ ಮಿತಿ 9 ಡಾಲರ್‌ನಿಂದ 5ಕ್ಕೆ ಇಳಿಯಿತು, ಇದು ಬೇರೆ ಆದೇಶ, 2022ರಿಂದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನಬಹುದು. ಆದರೆ 2011ರಲ್ಲಿ ಅದನ್ನೂ ಹಾಕಿರಲಿಲ್ಲ.

ರೈಲ್ವೆ ಇಲಾಖೆಗೂ ಗ್ಯಾಸ್‌ಗೂ ಏನ್ರೀ ಸಂಬಂಧ?

ಹೆಸರು ನೋಡಿ ಎಲ್ಲರೂ ಎಡವುತ್ತಾರೆ. ಟೆಕ್ಸಾಸ್ ರೈಲ್‌ರೋಡ್ ಕಮಿಷನ್‌ಗೂ ರೈಲಿಗೂ ಈಗ ಸಂಬಂಧವಿಲ್ಲ. 2005ರಲ್ಲೇ ಆ ಕೆಲಸ ಬೇರೆಯವರಿಗೆ ಹೋಯಿತು. ಅದು ನೋಡಿಕೊಳ್ಳುವುದು ತೈಲ ಮತ್ತು ಅನಿಲ. ಅದರ ಸದಸ್ಯರು ಚುನಾವಣೆಯಲ್ಲಿ ಗೆದ್ದು ಬರುತ್ತಾರೆ, ಚುನಾವಣೆಯ ದುಡ್ಡಿನಲ್ಲಿ ತೈಲದವರ ಪಾಲು ದೊಡ್ಡದು.

ಇದು ಯಾಕೆ ಮುಖ್ಯ ಅಂದರೆ, ಇಲ್ಲೇ ನಮ್ಮ ಮನೆಯ ಫರ್ನೆಸ್ಸಿನ ಕಥೆ. ಅನಿಲದ ಬಾವಿಯಿಂದ ನೀರೂ ಬರುತ್ತದೆ, ಚಳಿಗೆ ಬಾವಿಯ ಬಾಯಿಯಲ್ಲೇ ಗಡ್ಡೆ ಕಟ್ಟಿತು. ಉಳಿದ ಅನಿಲವನ್ನು ಪೈಪಿನಲ್ಲಿ ತಳ್ಳುವ ಎಷ್ಟೋ ಕಂಪ್ರೆಸರ್‌ಗಳು ಓಡುವುದು ಕರೆಂಟಿನಲ್ಲಿ. "ಇದು ತುರ್ತು ಸೇವೆ, ಕರೆಂಟ್ ತೆಗೆಯಬೇಡಿ" ಎಂದು ಒಂದು ಅರ್ಜಿ ತುಂಬಿ ಕೊಡಬೇಕಿತ್ತು. ಬಹಳ ಕಂಪನಿಗಳು ಕೊಟ್ಟೇ ಇರಲಿಲ್ಲ. ಲೋಡ್ ಶೆಡ್ಡಿಂಗ್ ಶುರುವಾದಾಗ ಅವುಗಳ ಫೀಡರ್ ಕೂಡ ಹೋಯಿತು. ಅನಿಲ ಇಲ್ಲದೆ ಸ್ಥಾವರ ನಿಂತಿತು, ಸ್ಥಾವರ ನಿಂತದ್ದಕ್ಕೆ ಇನ್ನಷ್ಟು ಫೀಡರ್ ತೆಗೆದರು, ಅದರಲ್ಲಿ ಇನ್ನಷ್ಟು ಕಂಪ್ರೆಸರ್. ಟೆಕ್ಸಾಸ್‌ನ ಅನಿಲ ಉತ್ಪಾದನೆ ಆ ವಾರ ಅರ್ಧದ ಹತ್ತಿರಕ್ಕೆ ಬಂತು.

ಸೆನೆಟ್ ಬಿಲ್ 3 ಅನಿಲದ ಜಾಲ, ವಿದ್ಯುತ್ ಜಾಲ ಎರಡನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಲು ಹೇಳಿತು. ಒಳ್ಳೆ ಕೆಲಸ. ಆದರೆ ಚಳಿಗೆ ಸಜ್ಜಾಗುವ ನಿಯಮ ವಿದ್ಯುತ್ ಸ್ಥಾವರಗಳಿಗೆ 2021ರಲ್ಲೇ ಬಂದರೆ, ಅನಿಲದವರಿಗೆ ಬಂದದ್ದು 2022ರ ಆಗಸ್ಟ್‌ಗೆ. ಅದರ ಮೊದಲ ಕರಡಿನಲ್ಲಿ 150 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ವಿನಾಯಿತಿ ಕೇಳುವ ಕಿಂಡಿ ಇತ್ತು. ಶಾಸಕರೇ ರೇಗಿದ ಮೇಲೆ ಬಿಗಿ ಮಾಡಿದರು. ಇಡೀ ಸುಧಾರಣೆಯಲ್ಲಿ ನನಗೆ ಈಗಲೂ ಅಳ್ಳಕ ಅನ್ನಿಸುವ ಗಂಟು ಇದೇ. ಸ್ಥಾವರ ಎಷ್ಟೇ ಬೆಚ್ಚಗಿರಲಿ, ಪೈಪು ಖಾಲಿಯಾದರೆ ಏನು ಉರಿಸುವುದು?

ಆ ವಾರದ ದುಬಾರಿ ಕರೆಂಟ್, ಗ್ಯಾಸಿನ ದುಡ್ಡು ಕೊನೆಗೆ ಯಾರು ಕಟ್ಟಿದರು?

ಕಟ್ಟುತ್ತಿದ್ದೇವೆ. ಲೋಡ್ ಶೆಡ್ಡಿಂಗ್ ಮುಗಿದ ಮೇಲೂ 32 ಗಂಟೆ ದರವನ್ನು ಮಿತಿಯಲ್ಲೇ ಇಟ್ಟಿದ್ದು ತಪ್ಪು, 1,600 ಕೋಟಿ ಡಾಲರ್ ಜಾಸ್ತಿ ಆಯಿತು ಎಂದು ಮಾರುಕಟ್ಟೆಯ ಸ್ವತಂತ್ರ ಪರಿವೀಕ್ಷಕರೇ ಹೇಳಿದರು. ಪಬ್ಲಿಕ್ ಯುಟಿಲಿಟಿ ಕಮಿಷನ್ ದರ ತಿದ್ದಲಿಲ್ಲ. ಕೇಸು ಟೆಕ್ಸಾಸ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2024ರ ಜೂನ್‌ನಲ್ಲಿ ಕಮಿಷನ್ನೇ ಗೆದ್ದಿತು. ಬ್ರಾಜೋಸ್ ಎಂಬ ದೊಡ್ಡ ವಿದ್ಯುತ್ ಸಹಕಾರ ಸಂಘಕ್ಕೆ ಎರ್ಕಾಟ್‌ನಿಂದ 180 ಕೋಟಿ ಡಾಲರ್ ಬಿಲ್ ಬಂದು ಅದು ದಿವಾಳಿ ಅರ್ಜಿ ಹಾಕಿತ್ತು. ಅನಿಲ ಪೂರೈಸುವ ಕಂಪನಿಗಳ ಆ ವಾರದ ಖರ್ಚಿಗೆ ಬಾಂಡ್ ಮೇಲೆ ಸಾಲ ಎತ್ತಿ, ಅದನ್ನು ಗ್ರಾಹಕರ ಬಿಲ್ಲಿಗೆ ವರ್ಷಗಟ್ಟಲೆ ಹಂಚಿದ್ದಾರೆ, ಸುಮಾರು 340 ಕೋಟಿ ಡಾಲರ್. ಗ್ಯಾಸ್ ಬಿಲ್ಲಿನಲ್ಲಿ ಸಣ್ಣ ಅಕ್ಷರದ ಸಾಲಾಗಿ ಅದು ಬರುತ್ತದೆ. ಆ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಹೋದ ಮೇಲೂ ಬರುತ್ತಿರುತ್ತದೆ.

## ತಲೆ ತಿನ್ನುವಂಥದ್ದು

ಕರೆಂಟ್ ಮಾಡಿದ್ರೆ ಮಾತ್ರ ದುಡ್ಡು, ಸುಮ್ನೆ ರೆಡಿ ಇದ್ರೆ ಇಲ್ಲ ಅಂತಾರಲ್ಲ, ಅದನ್ನ ಬದಲಾಯಿಸಿದ್ರಾ?

ಪೂರ್ತಿ ಇಲ್ಲ. ಟೆಕ್ಸಾಸ್‌ನಲ್ಲಿ ಸ್ಥಾವರಕ್ಕೆ ಮುಖ್ಯವಾಗಿ ದುಡ್ಡು ಬರುವುದು ಮಾರಿದ ಯೂನಿಟ್‌ಗೆ. ನಮ್ಮಲ್ಲಿ ಎಸ್ಕಾಂಗಳು ಕರೆಂಟ್ ತೆಗೆದುಕೊಂಡರೂ ಬಿಟ್ಟರೂ ಎಷ್ಟೋ ಸ್ಥಾವರಗಳಿಗೆ ನಿಗದಿತ ಶುಲ್ಕ ಕಟ್ಟುತ್ತವಲ್ಲ, ಆ ಥರ ಇಲ್ಲಿ ಇಲ್ಲ. ಅಭಾವ ಬಂದಾಗ ದರ ಆಕಾಶಕ್ಕೆ ಏರುತ್ತದೆ, ಆ ಆಸೆಗೆ ಸ್ಥಾವರ ಕಟ್ಟುತ್ತಾರೆ, ಸಜ್ಜಾಗಿರುತ್ತಾರೆ ಎಂಬುದು ಇಲ್ಲಿನ ನಂಬಿಕೆ. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಯಾರೂ ಆ ಆಸೆಯಿಂದ ಪೈಪಿಗೆ ಹೊದಿಕೆ ಹಾಕಲಿಲ್ಲ.

2023ರ ಜನವರಿಯಲ್ಲಿ ಕಮಿಷನ್ ಒಂದು ಯೋಜನೆ ಒಪ್ಪಿತು: ಕರೆಂಟಿಗೆ ಕೊರತೆಯಾಗುವ ಗಂಟೆಗಳಲ್ಲಿ ಲಭ್ಯ ಇದ್ದ ಸ್ಥಾವರಗಳಿಗೆ ಅಂಕ, ಆ ಅಂಕಕ್ಕೆ ದುಡ್ಡು. ಶಾಸನಸಭೆ ಅದಕ್ಕೆ ವರ್ಷಕ್ಕೆ 100 ಕೋಟಿ ಡಾಲರ್ ಮಿತಿ ಹಾಕಿತು. ಖರ್ಚಿಗೆ ತಕ್ಕ ಲಾಭ ಕಾಣದೆ 2024ರ ಕೊನೆಗೆ ಕಮಿಷನ್ ಅದನ್ನು ಬದಿಗಿಟ್ಟಿತು. ಅಷ್ಟರಲ್ಲಿ ಬಂದಿದ್ದದ್ದು ಸಾಲ. 2023ರ ನವೆಂಬರ್‌ನಲ್ಲಿ ಮತದಾರರು ಟೆಕ್ಸಾಸ್ ಎನರ್ಜಿ ಫಂಡ್ ಒಪ್ಪಿದರು. ಹೊಸ ಅನಿಲ ಸ್ಥಾವರಕ್ಕೆ 3% ಬಡ್ಡಿ. ಅರ್ಜಿ ಹಾಕಿದ ಹಲವರು ಆಮೇಲೆ ಹಿಂದೆ ಸರಿದರು.

ಸದ್ದಿಲ್ಲದೆ ಬಂದ ಇನ್ನೊಂದು ಬದಲಾವಣೆ ನನಗೆ ಜಾಸ್ತಿ ಹಿಡಿಸಿತು. ಸ್ಥಾವರದ ಅಂಗಳದಲ್ಲೇ ಇಂಧನ ದಾಸ್ತಾನು ಇಟ್ಟುಕೊಂಡವರಿಗೆ 2022ರ ಚಳಿಗಾಲದಿಂದ ಬೇರೆ ದುಡ್ಡು ಕೊಡುತ್ತಾರೆ. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿದವನಿಗೆ ಕೂಲಿ ಕೊಟ್ಟ ಹಾಗೆ.

ಈಗ ಅದೇ ಚಳಿ ಬಂದರೆ?

2022ರ ಡಿಸೆಂಬರ್, 2024ರ ಜನವರಿ, 2025ರ ಫೆಬ್ರವರಿಯಲ್ಲಿ ಗಟ್ಟಿ ಚಳಿ ಬಂತು. ಕೊನೆಯದರಲ್ಲಿ ಬೇಡಿಕೆ 80 ಸಾವಿರ ಮೆಗಾವ್ಯಾಟ್ ದಾಟಿತು. ಎರ್ಕಾಟ್ ಲೋಡ್ ಶೆಡ್ಡಿಂಗ್ ಮಾಡಲಿಲ್ಲ. ಕಡ್ಡಾಯ ಮಾಡಿದ್ದು ಕೆಲಸ ಮಾಡಿದೆ. 2021ರಲ್ಲಿ ಲೆಕ್ಕಕ್ಕೇ ಇಲ್ಲದ ಬ್ಯಾಟರಿಗಳು ಈಗ 10 ಸಾವಿರ ಮೆಗಾವ್ಯಾಟ್ ಮೀರಿವೆ, ಸೌರಶಕ್ತಿಯಂತೂ ಕೇಳಲೇಬೇಡಿ.

ಆದರೆ ಇವುಗಳಲ್ಲಿ ಯಾವುದೂ 2021ರಷ್ಟು ದೀರ್ಘ ಅಲ್ಲ. ಚಳಿಗಾಲದ ಕಷ್ಟದ ಹೊತ್ತು ಸೂರ್ಯ ಹುಟ್ಟುವ ಮುಂಚೆ, ಬೆಳಗಿನ ಆರು, ಏಳರ ಸುಮಾರಿಗೆ. ಆಗ ಸೌರಶಕ್ತಿ ಸೊನ್ನೆ. ಇಲ್ಲಿನ ಬ್ಯಾಟರಿಗಳಲ್ಲಿ ಹೆಚ್ಚಿನವು ಪೂರ್ತಿ ಜೋರಿನಲ್ಲಿ ಒಂದೆರಡು ಗಂಟೆ ಓಡುತ್ತವೆ. ಒಂದು ಮುಂಜಾನೆ ದಾಟಿಸುತ್ತವೆ. ಮೂರು ರಾತ್ರಿ ಬಿಡದ ಚಳಿಗೆ ಮತ್ತೆ ಅನಿಲವೇ ಬೇಕು, ಮತ್ತೆ ಅದೇ ಪೈಪು.

ಮನೆಗಳ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಈ ಪ್ರಶ್ನೆ ಕೇಳಿದ್ದು ಇಲ್ಲೇ ಮನೆ ರಿಪೇರಿ ಕೆಲಸ ಮಾಡಿಸುವ ಒಬ್ಬರು. ಸರಿಯಾದ ಪ್ರಶ್ನೆ. ನಮ್ಮ ಗೋಡೆ ಒಡೆದಾಗ ಒಳಗೆ ನೋಡಿದೆ. ಹೊರಗೋಡೆಗೂ ನೀರಿನ ಪೈಪಿಗೂ ನಡುವೆ ಇನ್ಸುಲೇಷನ್ ಇರಬೇಕಾದ ಜಾಗದಲ್ಲಿ ಒಂದು ಹಿಡಿ ಹತ್ತಿಯಂಥದ್ದು, ಉಳಿದದ್ದು ಖಾಲಿ. ಲಕ್ಷಾಂತರ ಮನೆಗಳು ಹೀಗೇ ಇವೆ. ಬಿಸಿ ಸೋರುತ್ತಲೇ ಇರುತ್ತದೆ, ಹೀಟರ್ ಓಡುತ್ತಲೇ ಇರುತ್ತದೆ. ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿಯನ್ನು ಒಳಗೆ ಎಳೆಯುವ ಯಂತ್ರ) ಇರುವ ಮನೆಗಳಲ್ಲೂ ಚಳಿ ವಿಪರೀತವಾದಾಗ ದೊಡ್ಡ ಟೋಸ್ಟರ್‌ನಂಥ ಕಾಯಿಲ್ ಆನ್ ಆಗುತ್ತದೆ, ಬೇಡಿಕೆ ಜಿಗಿಯುತ್ತದೆ. ವಿದ್ಯುತ್ ಉಳಿತಾಯಕ್ಕೆ ಕಂಪನಿಗಳಿಗೆ ಗುರಿ ಹಾಕಿದ ಮೊದಲ ಅಮೆರಿಕನ್ ರಾಜ್ಯ ಟೆಕ್ಸಾಸ್ಸೇ, 1999ರಲ್ಲಿ. ಆಮೇಲೆ ಬೇರೆ ರಾಜ್ಯಗಳು ಮುಂದೆ ಹೋದವು, ಇದು ಅಲ್ಲೇ ಉಳಿಯಿತು. ಸ್ಥಾವರ ಕಟ್ಟಲು ಸಾಲ ಇದೆ. ಗೋಡೆಗೆ ಹತ್ತಿ ತುಂಬಲು ಆ ಉತ್ಸಾಹ ಕಾಣುವುದಿಲ್ಲ.

ಈಗ ಎಲ್ಲ ಡೇಟಾ ಸೆಂಟರ್ ಅಂತಾರಲ್ಲ, ಅವಕ್ಕೂ ಕರೆಂಟ್ ತೆಗೀತಾರಾ?

ಹೊಸದಾಗಿ ಬರುವ ದೊಡ್ಡವಕ್ಕೆ ತೆಗೆಯಬಹುದು. 2025ರಲ್ಲಿ ಸೆನೆಟ್ ಬಿಲ್ 6 ಬಂತು. 75 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಹೊಸ ಗ್ರಾಹಕರಿಗೆ ಇದು ಅನ್ವಯ. ತಮ್ಮಲ್ಲಿ ಎಷ್ಟು ಜನರೇಟರ್ ಇದೆ ಎಂದು ಅವರು ಮೊದಲೇ ಹೇಳಬೇಕು. ಗ್ರಿಡ್ ತುರ್ತಿಗೆ ಬಂದಾಗ ಎರ್ಕಾಟ್ ಹೇಳಿದರೆ ಜನರೇಟರ್‌ಗೆ ಬದಲಾಗಬೇಕು ಅಥವಾ ಲೋಡ್ ಇಳಿಸಬೇಕು. 2021ರ ಆ ರಾತ್ರಿ ಕತ್ತರಿ ಬಿದ್ದದ್ದು ಮನೆಗಳ ಫೀಡರ್ ಮೇಲೆ. ಕಾಗದದ ಮೇಲೆ ಈಗ ಸರದಿ ಬದಲಾಗಿದೆ. ಈ ನಿಯಮ 2025ರ ಡಿಸೆಂಬರ್ ನಂತರ ಗ್ರಿಡ್ಡಿಗೆ ಸೇರುವವರಿಗೆ. ಮೊದಲೇ ಸೇರಿಕೊಂಡವರು ನಮ್ಮ ಜತೆಗೇ ಇದ್ದಾರೆ.